ಕೌದಿಗೂ ಒಂದು ಬಾಯಿದೆ

(ಯುವ ಬರಹಗಾರರ ಸಭೆಯಲ್ಲಿ ಆಡಿದ ಮಾತು)



ಕಾವ್ಯದ ಬಗ್ಗೆ ಮಾತಾಡು ಅಂತ ನನ್ನನ್ನ ಕರೆದಿದ್ದೀರಿ. ನಾನು ಕೌದಿ ಬಗ್ಗೆ ಮಾತಾಡ್ತೀನಿ. ಯಾಕೆ ಅಂದರೆ, ನಮ್ಮ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಮೂಕರಿಗೆ ದನಿ ಕೊಡಬೇಕು ಅನ್ನೋ ಮಾತು. ಈ ಮೂಕರು ಅಂದರೆ ಯಾರಪ್ಪಾ? ಸ್ಲೇಟು ಬಳಪ ಮುಟ್ಟದ ಅವ್ವಂದಿರು, ಅಜ್ಜಿಯರು. ಅಕ್ಷರ ಇಲ್ಲದೋರಿಗೆ ದನಿಯೇ ಇಲ್ಲ ಅಂತ ತೀರ್ಪು ಕೊಟ್ಟೋರು ಯಾರು? ಅವರು ಹರಕು ಸೀರೆ, ಸವೆದ ಪಂಚೆ, ತೋಳು ಕಿತ್ತ ಅಂಗಿಗಳನ್ನ ಪದರ ಪದರವಾಗಿ ಹಾಸಿ, ಸೂಜಿ ದಾರದಲ್ಲಿ ತಮ್ಮ ಮಾತನ್ನ ಬರೆದಿಟ್ಟಿದ್ದಾರೆ. ಅದನ್ನ ಓದೋ ಕಣ್ಣು ಬೇಕು, ಅಷ್ಟೆ.

ಮೊದಲು ದೂರದ ಒಬ್ಬ ತಾಯಿಯ ಕತೆ ಹೇಳ್ತೀನಿ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹ್ಯಾರಿಯೆಟ್ ಪವರ್ಸ್ ಅನ್ನೋ ಕರಿಯ ಹೆಣ್ಣುಮಗಳಿದ್ದಳು. 1837ರಲ್ಲಿ ಹುಟ್ಟಿದಳು, ಹುಟ್ಟುತ್ತಲೇ ಗುಲಾಮಳು. ಅವಳು ಹೊಲಿದ ಒಂದು ಕೌದಿ 1886ರಲ್ಲಿ ಆಥೆನ್ಸ್ ಅನ್ನೋ ಊರಿನ ಹತ್ತಿ ಜಾತ್ರೆಯಲ್ಲಿ ಪ್ರದರ್ಶನಕ್ಕೆ ಬಂತು. ಅದರಲ್ಲಿ ಹನ್ನೊಂದು ಚೌಕ. ಬಟ್ಟೆ ಕತ್ತರಿಸಿ ಕೂರಿಸಿದ ಬೈಬಲ್ ಕತೆಗಳು. ಜೆನ್ನಿ ಸ್ಮಿತ್ ಅನ್ನೋ ಬಿಳಿಯ ಚಿತ್ರಕಲಾ ಶಿಕ್ಷಕಿ ಕೊಳ್ಳೋಕೆ ಹೋದರೆ, ಕೊಡೋದಿಲ್ಲ ಅಂದುಬಿಟ್ಟಳು. ಕೆಲವು ವರ್ಷಕ್ಕೆ ಕೈ ಬರಿದಾಯಿತು. ಎತ್ತಿನ ಗಾಡಿಯಲ್ಲಿ ಕೌದಿಯನ್ನ ಇಟ್ಟುಕೊಂಡು ತಾನೇ ಬಂದಳು. ಹತ್ತು ಡಾಲರ್ ಕೇಳಿದಳು. ಸಿಕ್ಕಿದ್ದು ಐದು.

ಐದು ಡಾಲರಿಗೆ ಕೌದಿ ಹೋಯಿತು, ನಿಜ. ಆದರೆ ಅವಳು ಬಾಯಿ ಮುಚ್ಚಿಕೊಂಡು ಕೊಟ್ಟುಹೋಗಲಿಲ್ಲ. ಒಂದೊಂದು ಚೌಕವನ್ನೂ ಬೆರಳಿಟ್ಟು ತೋರಿಸಿ, ಇದು ಇಂಥದ್ದು ಅಂತ ಅರ್ಥ ಹೇಳಿದಳು. ಸ್ಮಿತ್ ಅದನ್ನ ಬರೆದಿಟ್ಟಳು. ಮಾರಿದ ಮೇಲೂ ಎಷ್ಟೋ ಸಲ ಬಂದು ಆ ಕೌದಿಯನ್ನ ನೋಡಿಕೊಂಡು ಹೋಗುತ್ತಿದ್ದಳು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತು ಸಂಗ್ರಹಾಲಯದಲ್ಲಿದೆ.

ಅವಳ ಇನ್ನೊಂದು ಕೌದಿ ಬಾಸ್ಟನ್ನಿನಲ್ಲಿದೆ. ಅದರಲ್ಲಿ ಹದಿನೈದು ಚೌಕ. ಆದಾಮ, ಯೋಬ, ಯೋನರ ನಡುವೆ 1833ರಲ್ಲಿ ಆಕಾಶದಿಂದ ನಕ್ಷತ್ರ ಸುರಿದ ರಾತ್ರಿಯೂ ಇದೆ. ಅದು ಅವಳು ಹುಟ್ಟೋಕೆ ನಾಲ್ಕು ವರ್ಷ ಮೊದಲಿನ ಉಲ್ಕೆಯ ಮಳೆ. ಹಿರಿಯರ ಬಾಯಿಂದ ಕೇಳಿದ್ದು. ಜೊತೆಗೆ ಒಂದು ಹೆಣ್ಣು ಹಂದಿಯೂ ಇದೆ. ಹೆಸರು ಬೆಟ್ಸ್. ಜಾರ್ಜಿಯಾದಿಂದ ವರ್ಜೀನಿಯಾಕ್ಕೆ ಐನೂರು ಮೈಲಿ ಓಡಿದ ಸ್ವತಂತ್ರ ಹಂದಿ ಅಂತ ವಿವರಣೆ. ಗುಲಾಮಳಾಗಿ ಹುಟ್ಟಿದವಳು ಓಡಿಹೋದ ಹಂದಿಯನ್ನ ದೇವರ ಕತೆಗಳ ಸಾಲಿನಲ್ಲಿ ಕೂರಿಸಿದಳಲ್ಲ, ಇದಕ್ಕೆ ನಾನು ಟೀಕೆ ಬರೆಯಬೇಕೇನು?

ಇನ್ನೊಂದು ತಮಾಷೆ ಕೇಳಿ. ಹ್ಯಾರಿಯೆಟ್ಟಳಿಗೆ ಓದು ಬರಹ ಬರುತ್ತಿರಲಿಲ್ಲ ಅಂತ ಬಲ್ಲವರು ಬಹಳ ಕಾಲ ಬರೆದರು. ಆಮೇಲೆ ಅವಳ ಒಂದು ಪತ್ರದ ಪ್ರತಿ ಸಿಕ್ಕಿತು. ಅವಳು ಓದು ಕಲಿತಿದ್ದಳು! ಮೂಕರು ಅಂತ ಹಣೆಪಟ್ಟಿ ಹಚ್ಚೋದು ಎಷ್ಟು ಸುಲಭ ನೋಡಿ.

ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಅಂತ ಒಂದು ಹಳ್ಳಿ. ಮೂರು ಕಡೆ ನದಿ ಸುತ್ತಿಕೊಂಡಿದೆ. ಅಲ್ಲಿ ಬಹಳ ಜನರಿಗೆ ಪೆಟ್‌ವೇ ಅಂತ ಮನೆಹೆಸರು. ಅದು ಅವರ ಹಿರಿಯರನ್ನ ಆಳಿದ ಧಣಿಯ ಹೆಸರು. ಹೆಸರೂ ತಮ್ಮದಲ್ಲದ ಆ ಊರಿನ ಹೆಂಗಸರು ಕೌದಿಯನ್ನ ಮಾತ್ರ ಯಾರ ಅಚ್ಚಿನಲ್ಲೂ ಹೊಲಿಯಲಿಲ್ಲ. ಮಿಸೌರಿ ಪೆಟ್‌ವೇ ಅನ್ನೋ ಹೆಂಗಸಿನ ಗಂಡ ತೀರಿಕೊಂಡ. ಅವನ ದುಡಿಮೆಯ ಬಟ್ಟೆಗಳನ್ನ, ಬೆವರಿಗೆ ಬಿಸಿಲಿಗೆ ಬಣ್ಣ ಬಿಟ್ಟ ಆ ಪ್ಯಾಂಟು ಅಂಗಿಗಳನ್ನ ಕತ್ತರಿಸಿ ಕೌದಿ ಮಾಡಿ ಹೊದ್ದಳು. ಗಂಡನ ನೆನಪಿಗೆ ಅಂತ. ಶೋಕಗೀತೆ ಅಂದರೆ ಇದಲ್ಲವೇ?

1966ರಲ್ಲಿ ಆ ಸೀಮೆಯ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಅನ್ನೋ ಸಹಕಾರ ಸಂಘ ಕಟ್ಟಿದರು. ವೋಟಿನ ಹಕ್ಕಿಗೆ ಹೋರಾಡಿದ ಊರುಗಳು ಅವು. ಹೊಲಿಗೆಯಿಂದ ನಾಲ್ಕು ಕಾಸು ಕಂಡರು. ಆದರೆ ದೊಡ್ಡ ಅಂಗಡಿಗಳಿಗೆ ಬೇಕಾದದ್ದು ಏನು? ಎಲ್ಲಾ ಒಂದೇ ಅಳತೆ, ಒಂದೇ ನಮೂನೆ. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಗವಸು ಹೊಲಿಯೋ ಕೆಲಸ ಬಂತು. ಒಂದರಂತೆ ಇನ್ನೊಂದು. ಅದರಲ್ಲಿ ಉಳಿದ ತುಂಡುಗಳು ಮನೆಗಳಿಗೆ ಬಂದವು. ಅದೇ ಕಂಪನಿ ಬಟ್ಟೆಯಲ್ಲಿ, ಯಾವ ಕಂಪನಿಯೂ ಕೇಳದಂಥ ಕೌದಿಗಳು ಹುಟ್ಟಿದವು. ಸೊಟ್ಟ ಗೆರೆ, ಓಡುವ ಪಟ್ಟಿ, ಮನಸ್ಸಿಗೆ ಬಂದ ಬಣ್ಣ. ಹೊಟ್ಟೆಗೆ ಏಕರೂಪ, ಮನಸ್ಸಿಗೆ ಸ್ವಂತ ರೂಪ.

2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯ ಈ ಕೌದಿಗಳನ್ನ ಗೋಡೆಗೆ ಏರಿಸಿತು. 2006ರಲ್ಲಿ ಅಂಚೆಚೀಟಿಗಳೂ ಬಂದವು. 2007ರಲ್ಲಿ ಅದೇ ಹೆಂಗಸರಲ್ಲಿ ಕೆಲವರು, ನಮ್ಮ ಕೈಕೆಲಸದಿಂದ ಬಂದ ಲಾಭದಲ್ಲಿ ನಮ್ಮ ಪಾಲೆಲ್ಲಿ ಅಂತ ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಯಿತು. ಗೋಡೆಗೆ ಏರಿದ್ದು ಗೌರವವೇ. ಆದರೆ ಗೌರವ ಗಂಜಿಯಾಗೋದಿಲ್ಲ.

ಇದೆಲ್ಲ ಪರದೇಶದ ಮಾತು ಅನ್ನಬೇಡಿ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿಗೆ ಬನ್ನಿ. ಅಲ್ಲಿ ಸಿದ್ದಿ ಜನ ಇದ್ದಾರೆ. ಆಫ್ರಿಕಾ ಮೂಲದವರು. ಅವರ ಹಿರಿಯರಲ್ಲಿ ಬಹಳ ಮಂದಿ ಗುಲಾಮರಾಗಿ ಈ ತೀರಕ್ಕೆ ಬಂದವರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆ ಹೆಂಗಸರು ಹೊಲಿಯೋ ಕೌದಿಗೆ ಕವಂದಿ ಅಂತಾರೆ. ಹೊರಗಿನ ಅಂಚಿನಿಂದ ಶುರುಮಾಡಿ, ಸುತ್ತಿ ಸುತ್ತಿ ನಡುವಿಗೆ ಬರ್ತಾರೆ. ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಿಚಿ ಫುಲ ಇಡ್ತಾರೆ, ಅಂದರೆ ಹೂವು. ಹೂವಿಲ್ಲದ ಕವಂದಿ ಬೆತ್ತಲೆ ಅಂತ ಅವರ ಮಾತು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಒಬ್ಬಳ ಕವಂದಿಯಲ್ಲಿ ಶಿಲುಬೆ ಕಂಡೀತು, ಇನ್ನೊಬ್ಬಳದರಲ್ಲಿ ಅರ್ಧಚಂದ್ರ. ಹೊಲಿಗೆಯ ದಾರಿ ಮಾತ್ರ ಒಂದೇ.

ಕೌದಿಯ ಗುಣವೇ ಇದು ಗೆಳೆಯರೆ. ಕೆಂಪು ತುಂಡು ಕೆಂಪಾಗೇ ಇರುತ್ತೆ, ನೀಲಿ ನೀಲಿಯಾಗೇ ಇರುತ್ತೆ. ಯಾವ ತುಂಡೂ ತನ್ನ ಬಣ್ಣ ಬಿಟ್ಟುಕೊಟ್ಟು ಸೇರೋದಿಲ್ಲ. ಆದರೂ ಚಳಿಗೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಬಿಡಿಸಿ ನೋಡಿದರೆ ಬರೀ ಚಿಂದಿ.

ಆದ್ದರಿಂದ ನನ್ನದು ಮೂರೇ ಮಾತು. ಕೌದಿಯನ್ನ ಯಾರಾದರೂ ಪೇಟೆಗೋ ಪ್ರದರ್ಶನಕ್ಕೋ ಒಯ್ಯುವಾಗ ಅದರ ಜೊತೆ ಹೊಲಿದವಳ ಹೆಸರು ಹೋಗಲಿ. 'ಜನಪದ ಕಲೆ' ಅನ್ನೋ ಒಂದು ಚೀಟಿ ಸಾಲದು. ಅವಳು ಹೇಳಿದ ಅರ್ಥ ಹೋಗಲಿ, ಹ್ಯಾರಿಯೆಟ್ ಬೆರಳಿಟ್ಟು ಹೇಳಿದ ಹಾಗೆ. ಬೆಲೆ ಅವಳೇ ಕಟ್ಟಲಿ. ಹತ್ತು ಅಂದರೆ ಹತ್ತು, ಐದಲ್ಲ.

ನಾವು ಬರೆಯೋರು ಅವ್ವಂದಿರಿಗೆ ದನಿ ಕೊಡಬೇಕಾದ್ದಿಲ್ಲ. ಅವರ ಪಕ್ಕ ಕೂತು, ಸೂಜಿಗೆ ದಾರ ಪೋಣಿಸಿಕೊಟ್ಟು, ಇದು ಯಾರ ಸೀರೆ, ಇದು ಯಾವ ವರ್ಷದ ಅಂಗಿ, ಈ ಬಣ್ಣ ಇಲ್ಲೇ ಯಾಕೆ ಅಂತ ಕೇಳೋಣ. ಹೇಳಿದ್ದನ್ನ ಹೇಳಿದ ಹಾಗೇ ಬರೆದುಕೊಳ್ಳೋಣ. ಕೆಳಗೆ ಅವರ ಹೆಸರು ಹಾಕೋಣ, ನಮ್ಮದಲ್ಲ.