ಜಕ್ಕಲಿಯ ದೊಡ್ಡಮೇಟಿ ಅಂದಾನಪ್ಪನವರು



ರೋಣ ಸೀಮೆಯ ಜಕ್ಕಲಿಯು ಎರೆನೆಲದ ಗ್ರಾಮವು. ಬಿಳಿಜೋಳ, ಕಡಲೆ, ಹತ್ತಿ ಇವೇ ಅದರ ಸಂಪತ್ತು. ಮಳೆ ಮುನಿದ ವರ್ಷ ಅದೂ ಇಲ್ಲ. ಇಂತಹ ಊರಿನ ಒಕ್ಕಲುಮನೆಯಲ್ಲಿ 1908ರಲ್ಲಿ ಜನಿಸಿದ ಅಂದಾನಪ್ಪ ದೊಡ್ಡಮೇಟಿಯವರು ರಾಷ್ಟ್ರಸ್ವಾತಂತ್ರ್ಯದ ಆಂದೋಲನದಲ್ಲಿ ಸೇರಿ, ಮುಂಬಯಿ ಶಾಸನಸಭೆಯವರೆಗೆ ಹೋದರು. ಹೋದವರು ಊರನ್ನು ಬಿಡಲಿಲ್ಲವೆಂಬುದೇ ಅವರ ವಿಶೇಷವು.

ಅಂದು ಜಕ್ಕಲಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಪೂರ್ವಕ್ಕೆ ಕೆಲವೇ ಹರದಾರಿಗಳಾಚೆಯ ಕುಕನೂರು ನಿಜಾಮರ ಸೀಮೆಯಾಗಿದ್ದಿತು. ಹೆಣ್ಣು ಕೊಟ್ಟು ತರುವ ಬಳಗವೊಂದೇ, ಆಡುವ ನುಡಿಯೊಂದೇ. ಆದರೆ ಅಲ್ಲಿಯ ಕಚೇರಿಯ ಕಾಗದಗಳು ಉರ್ದುವಿನಲ್ಲಿ. ಕನ್ನಡನಾಡು ಒಡೆದಿದೆಯೆಂಬುದನ್ನು ಆ ಭಾಗದ ಒಕ್ಕಲಿಗನು ಗ್ರಂಥಗಳಿಂದ ಅರಿಯಬೇಕಾಗಿರಲಿಲ್ಲ. 1947ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕರ್ನಾಟಕ ಪ್ರಾಂತರಚನೆಯ ಗೊತ್ತುವಳಿಯನ್ನು ಮಂಡಿಸಿದವರು ಇವರೇ. ಸಭೆಯು ಅದನ್ನು ಅಂಗೀಕರಿಸಿತು.

ಅಂಗೀಕಾರದಿಂದ ಪ್ರಾಂತವು ಹುಟ್ಟಲಿಲ್ಲ. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿ ಪ್ರಾಣವನ್ನರ್ಪಿಸಿದ ಮೇಲೆ ಆಂಧ್ರರಾಜ್ಯವು ನಿಶ್ಚಯವಾಯಿತು. ಕನ್ನಡಿಗರಿಗಾದರೋ 'ತಾಳಿರಿ' ಎಂಬ ಉಪದೇಶವೇ ಉಳಿಯಿತು. 1953ರಲ್ಲಿ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಳಿತರು. ದೊಡ್ಡಮೇಟಿಯವರು ಶಾಸನಸಭೆಯ ಸ್ಥಾನವನ್ನು ತ್ಯಜಿಸಿ ಜಕ್ಕಲಿಯಲ್ಲಿಯೇ ಉಪವಾಸವನ್ನು ಕೈಕೊಂಡರು. ಆಳುತ್ತಿದ್ದುದು ಪರಕೀಯರಲ್ಲ, ತಾವು ದುಡಿದು ಬೆಳೆಸಿದ ಕಾಂಗ್ರೆಸ್ಸೇ. ಶತ್ರುವಿನೊಡನೆ ಹೋರಾಡುವುದು ಸುಲಭ. ತನ್ನವರಿಗೆ 'ಒಲ್ಲೆ'ನೆನ್ನುವುದು ಕಠಿಣವು.

ಅದೇ ವರ್ಷ ಗದಗಿನ ಚಿತ್ರಕಾರ ಸಿ. ಎನ್. ಪಾಟೀಲರಿಂದ ತಮ್ಮ ಮನೆಯ ಗೋಡೆಯ ಮೇಲೆ ತಾಯಿ ಭುವನೇಶ್ವರಿಯ ಚಿತ್ರವನ್ನು ಬರೆಯಿಸಿದರು. ಚಿತ್ರಪೂಜೆಯು ಶರಣಮಾರ್ಗಕ್ಕೆ ಒಪ್ಪುವುದೇ ಎಂದು ಶಂಕಿಸುವವರುಂಟು. ದಿಲ್ಲಿಯಲ್ಲಿಯಾಗಲಿ ಮುಂಬಯಿಯಲ್ಲಿಯಾಗಲಿ ಯಾವ ಸರಕಾರವೂ ಒಪ್ಪದಿದ್ದ ಅಖಂಡನಾಡನ್ನು ಹಳ್ಳಿಯ ಜನರು ಕಣ್ಣಾರೆ ಕಾಣಲೆಂಬುದೇ ಅಲ್ಲಿಯ ಭಾವವು. ಓದುಬರಹವಿಲ್ಲದ ಮುದುಕಿಗೂ ಅದು ತಿಳಿಯುವಂತಹುದು. ಶಂಕೆಗೆ ಇಷ್ಟು ಸಮಾಧಾನ ಸಾಕು.

1956ನೆಯ ನವೆಂಬರ್ 1ರಂದು ನಾಡು ಒಂದಾಯಿತು. ಹೆಸರು ಮಾತ್ರ ಮೈಸೂರು ಎಂದಿತು. ಅನೇಕರಿಗೆ ಅಷ್ಟೇ ತೃಪ್ತಿ. ದೊಡ್ಡಮೇಟಿಯವರು ಹೊಸ ವಿಧಾನಸಭೆಯಲ್ಲಿಯೂ 'ಕರ್ನಾಟಕ'ವೆಂಬ ನಾಮಕ್ಕಾಗಿ ವಾದಿಸಿದರು. 1972ರಲ್ಲಿ ಅವರು ದಿವಂಗತರಾದಾಗಲೂ ರಾಜ್ಯದ ಹೆಸರು ಮೈಸೂರೇ ಆಗಿದ್ದಿತು. 1973ನೆಯ ನವೆಂಬರ್ 1ರಂದು ಅದು ಕರ್ನಾಟಕವಾಯಿತು.