ಅಜ್ಜಿಯ ಪಾದಗಳ ನಡುವೆ

ಮುದ್ದೇನಹಳ್ಳಿ ಎಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಊರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನ ಒಳಚರಂಡಿಗೆ ಯೋಜನೆ ಹಾಕಿಕೊಟ್ಟವರು ಅವರು. ನಗರದ ಕೊಳೆಗೇ ದಾರಿ ತೋರಿದವರ ಊರಲ್ಲೂ ಎರಡು ವರ್ಷದ ಕೂಸಿಗೆ ಶೌಚ ಕಲಿಸುವಾಗ ಮನೆಮಂದಿ ತಬ್ಬಿಬ್ಬು: ಪಾಟಿಯೋ (ಮಕ್ಕಳ ಪುಟ್ಟ ಮಲಪಾತ್ರೆ), ಕಕ್ಕಸೋ?

ನಮ್ಮ ಅಜ್ಜಿಯರು ಕಾಲು ಚಾಚಿ ಕೂತು, ಪಾದಗಳ ನಡುವೆ ಮಗುವನ್ನು ಕೂರಿಸಿ, ‘ಉಸ್ಸ್’ ಎನ್ನುತ್ತಿದ್ದರು. ಅವಸರವಿಲ್ಲ, ಭಯವಿಲ್ಲ. ಕಕ್ಕಸಿನ ಗುಂಡಿಯಾದರೋ ಮಗುವಿಗೆ ಬಾವಿಯಂತೆ ಕಾಣುತ್ತದೆ. ನೀರು ಸುರಿದ ಸದ್ದಿಗೇ ಬೆಚ್ಚುತ್ತದೆ. ಪಾಟಿಯಲ್ಲಿ ಪಾದ ನೆಲಕ್ಕೂರುತ್ತದೆ, ಧೈರ್ಯ ಬರುತ್ತದೆ. ಅದರಲ್ಲಿದ್ದುದನ್ನು ಮಗುವಿನ ಕಣ್ಣೆದುರೇ ಕಕ್ಕಸಿಗೆ ಸುರಿಯಿರಿ, ಕೈ ತೊಳೆಸಿ. ಮುಂದಿನ ಮೆಟ್ಟಿಲು ಅದಕ್ಕೇ ತಿಳಿಯುತ್ತದೆ.

ಯಾವುದಾದರೂ ಸರಿ, ಗದರಿಕೆ ಬೇಡ. ಹೆದರದ ಮಗು ಬೇಗ ಕಲಿಯುತ್ತದೆ.