ರಕ್ಕಸತಂಗಡಿಯ ಪಾಠ



ಒಂದೇ ಕಾಳಗ ಯುದ್ಧದ ಗತಿಯನ್ನು ಬದಲಿಸಬಲ್ಲದು ಎಂಬುದಕ್ಕೆ ನಾವು ಬೇರೆಲ್ಲೂ ಹುಡುಕಬೇಕಿಲ್ಲ. 1565ರ ಜನವರಿಯ ರಕ್ಕಸತಂಗಡಿಯೇ ಸಾಕ್ಷಿ. ಅಳಿಯ ರಾಮರಾಯ ದಖ್ಖನಿನ ಸುಲ್ತಾನರಲ್ಲಿ ಒಬ್ಬರ ಮೇಲೆ ಇನ್ನೊಬ್ಬರನ್ನು ವರ್ಷಗಟ್ಟಲೆ ಎತ್ತಿಕಟ್ಟಿ ಗೆಲ್ಲುತ್ತ ಬಂದ. ಕೊನೆಗೆ ಅವರೇ ಒಂದಾದರು. ರಣರಂಗದಲ್ಲಿ ಅವನ ತಲೆ ಉರುಳಿದೊಡನೆ ಸೈನ್ಯ ಚದುರಿತು. ತಮ್ಮ ತಿರುಮಲ ಭಂಡಾರವನ್ನು ಆನೆಗಳ ಮೇಲೆ ಹೇರಿಸಿ ಪೆನುಗೊಂಡೆಯತ್ತ ನಡೆದ. ಕಾಯುವವರಿಲ್ಲದ ಹಂಪೆ ತಿಂಗಳುಗಟ್ಟಲೆ ಸೂರೆಯಾಯಿತು.

ಸಾಮ್ರಾಜ್ಯ ಅಂದೇ ಅಳಿಯಲಿಲ್ಲ. ಪೆನುಗೊಂಡೆ, ಚಂದ್ರಗಿರಿ, ವೇಲೂರುಗಳಲ್ಲಿ ಇನ್ನೂ ಸುಮಾರು 80 ವರ್ಷ ಉಳಿಯಿತು. ಆದರೆ ತುಂಗಭದ್ರೆಯ ದಡಕ್ಕೆ ಹಳೆಯ ವೈಭವ ಮರಳಲಿಲ್ಲ. ಸೋತ ದಿನಕ್ಕಿಂತ, ರಾಜಧಾನಿಯನ್ನು ಕೈಬಿಟ್ಟ ದಿನವೇ ನಿರ್ಣಾಯಕವೆಂದು ನಮಗೆ ತೋರುತ್ತದೆ. ರಜೆಯಲ್ಲಿ ಮಕ್ಕಳಿಗೆ ಹಂಪೆಯ ಕಲ್ಲಿನ ರಥವನ್ನು ತೋರಿಸುವಾಗ ಈ ಕಥೆಯನ್ನೂ ಹೇಳೋಣ.